ಗೋದಲಿಯ ಬೊಂಬೆಗಳು: ಅವುಗಳ ಬಣ್ಣ, ನೆಲ ಮತ್ತು ಛಾಯಾಚಿತ್ರ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ದೇವಾಲಯದ ಸಭಾಂಗಣದಲ್ಲಿ, ಗೋದಲಿ ಕಟ್ಟುವ ಬಳಗದ ಪರವಾಗಿ ಮಾಡಿದ ಭಾಷಣ)



ಈ ಶತಮಾನೋತ್ಸವದ ಸಭೆಗಳಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಗಂಟೆಯನ್ನು ಕುರಿತು, ನಮ್ಮನ್ನು ಸಲಹಿದ ಗುರುವರ್ಯರನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಸಣ್ಣ ವಿಷಯ, ಅಳತೆಯಲ್ಲಿಯೂ ಸಣ್ಣದು. ವರ್ಷದಲ್ಲಿ ಹನ್ನೊಂದು ತಿಂಗಳು ಪೂಜಾವಸ್ತ್ರಗಳ ಕೋಣೆಯ ಪೆಟ್ಟಿಗೆಯೊಳಗೆ ಒಣಹುಲ್ಲು ಹೊದ್ದು ಮಲಗಿದ್ದು, ಕ್ರಿಸ್ತಜಯಂತಿಯ ರಾತ್ರಿ ಎದ್ದು ನಿಲ್ಲುವ ಗೇಣುದ್ದದ ಬೊಂಬೆಗಳು ನಮ್ಮ ವಿಷಯ. ಪೀಠದ ಮೇಲಿನ ಸ್ವರೂಪಗಳನ್ನು ಬೊಂಬೆ ಎಂದರೆ ನಮ್ಮ ಹಿರಿಯರು ಗದರಿಸುತ್ತಿದ್ದರು. ಗೋದಲಿಯಲ್ಲಿರುವುದನ್ನು ಮಾತ್ರ ಅವರೂ ಬೊಂಬೆ ಎಂದೇ ಕರೆಯುತ್ತಿದ್ದರು. ಆ ಸಲಿಗೆಯನ್ನು ನಾವೂ ಇಲ್ಲಿ ಉಳಿಸಿಕೊಳ್ಳುತ್ತೇವೆ.

ಮೊದಲಿಗೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪಾಪನಿವೇದನೆಯ ಪೀಠದಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ಕೆಟ್ಟದ್ದು ಎಲ್ಲರ ಸೊತ್ತಾದುದರಿಂದ ಎಲ್ಲರ ಮುಂದೆ ಹೇಳುವುದೇ ಸರಿ. ನಮ್ಮ ಗೋದಲಿಯ ಮುದಿ ಕುರುಬನನ್ನು ನೀವೆಲ್ಲರೂ ಬಲ್ಲಿರಿ. ಹೆಗಲ ಮೇಲೆ ಕುರಿಮರಿ, ಹುಬ್ಬಿನ ಮೇಲೆ ಬಲಗೈ. ಬೆಳಕು ಕಣ್ಣಿಗೆ ಹೊಡೆದವನಂತೆ ನಿಂತವನು. ಅವನ ಹಣೆಯಲ್ಲಿ ಮೂರು ಗೆರೆಗಳಿದ್ದುವು. ಬಾಯಿ ಅರೆ ತೆರೆದಿತ್ತು. ಒಳಗೆ ಒಂದು ಹಲ್ಲು ಬಿದ್ದಿರುವುದು ಕೂಡ ಕಾಣುತ್ತಿತ್ತು. ಕೆಲವು ವರ್ಷಗಳ ಹಿಂದೆ, ಬಣ್ಣ ಮಾಸಿದೆಯೆಂಬ ಉತ್ಸಾಹದಲ್ಲಿ, ಗೇಟಿಗೆ ಬಳಿದು ಉಳಿದಿದ್ದ ಎನಾಮೆಲ್ ಬಣ್ಣವನ್ನು ನಾವೇ ಅವನಿಗೆ ಎರಡು ಸಲ ಬಳಿದೆವು. ಗೆರೆಗಳು ತುಂಬಿಹೋದುವು, ಬಾಯಿ ಮುಚ್ಚಿತು, ಕಣ್ಣಿನ ಸ್ಥಾನದಲ್ಲಿ ಎರಡು ಕಪ್ಪು ಚುಕ್ಕೆ ಉಳಿದುವು. ಮುಖ ಬದನೆಕಾಯಿಯಂತೆ ಮಿರುಗತೊಡಗಿತು. ನಮಗೆ ಅದು ಚೆನ್ನಾಗಿಯೇ ಕಂಡಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ನಡುರಾತ್ರಿಯ ಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ಮೊಣಕಾಲೂರಿದ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ ಕೇಳಿದರು: “ಇವನ್ಯಾರಪ್ಪಾ ಹೊಸಬ? ನಮ್ಮ ಮುದುಕನ್ನ ಎಲ್ಲಿಗೆ ಕಳಿಸಿಬಿಟ್ರಿ?”

ಆಮೇಲೆ ನಾವು ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಅವನ ಬೆನ್ನಿನ ಮೇಲೆ ಒಂದು ಕಾಳಿನಷ್ಟು ಜಾಗವನ್ನು ಉಜ್ಜಿ ನೋಡಿದೆವು. ಹೊಸ ಬಣ್ಣದೊಡನೆ ಹಳೆಯದೂ ಎದ್ದು ಬಂದು ಕೆಳಗಿನ ಬಿಳಿಯ ಗಾರೆ ಕಾಣಿಸಿತು. ಅಲ್ಲಿಗೆ ಕೈ ನಿಲ್ಲಿಸಿದೆವು. ಹಳೆಯ ಮುಖ ಹೇಗಿತ್ತೆಂದು ನೋಡೋಣವೆಂದರೆ ಒಂದು ಛಾಯಾಚಿತ್ರವೂ ಇಲ್ಲ. ಗೋದಲಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡವರು ನೂರಾರು ಮಂದಿ. ಗೋದಲಿಯನ್ನೇ ತೆಗೆದವರು ಒಬ್ಬರಿಲ್ಲ. ಕೊನೆಗೆ ಜನವರಿಯ ಮೊದಲ ವಾರ ನಡೆದ ಒಂದು ಮದುವೆಯ ಹಳೆಯ ಚಿತ್ರದಲ್ಲಿ, ಮದುಮಗನ ಕೋಟಿಗೂ ಮದುಮಗಳ ಸೆರಗಿಗೂ ನಡುವೆ, ಎಳ್ಳುಕಾಳಿನಷ್ಟು ಗಾತ್ರದಲ್ಲಿ ಅವನ ಅರ್ಧ ಮುಖ ಸಿಕ್ಕಿತು. ಇಂದಿಗೆ ನಮ್ಮಲ್ಲಿರುವ ಆಧಾರ ಅಷ್ಟೇ.

ಒಂದು ಬೊಂಬೆಯ ಹಣೆಯ ಗೆರೆಗೆ ಇಷ್ಟು ದುಃಖವೇ ಎಂದು ಕೇಳುವವರಿದ್ದಾರೆ. ಈ ಬೊಂಬೆಗಳ ಹಿಂದೆ ಇರುವ ಕೈಗಳ ಕಥೆಯನ್ನು ಸ್ವಲ್ಪ ಹೇಳಿದರೆ ಉತ್ತರ ಸಿಕ್ಕೀತು.

ಅಸಿಸಿಯ ಸಂತ ಫ್ರಾನ್ಸಿಸರು ೧೨೨೩ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿಯನ್ನು ಸಿದ್ಧಪಡಿಸಿದ ಸಂಗತಿ ನಿಮಗೆ ತಿಳಿದದ್ದೇ. ಅಲ್ಲಿ ಬೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಕತ್ತೆ, ಪಂಜು ಹಿಡಿದು ಬಂದ ಊರ ಜನ, ಇಷ್ಟೇ. ಬೊಂಬೆಗಳ ವೈಭವ ಬಂದದ್ದು ಬಹಳ ತಡವಾಗಿ; ಅದರ ತುತ್ತತುದಿ ಹದಿನೆಂಟನೆಯ ಶತಮಾನದ ನೇಪಲ್ಸ್ ನಗರ.

೧೭೩೪ರಿಂದ ೧೭೫೯ರವರೆಗೆ ಅಲ್ಲಿ ಆಳಿದ ಬೂರ್ಬೊನ್ ವಂಶದ ಅರಸು ಚಾರ್ಲ್ಸನಿಗೆ ಗೋದಲಿಯ ಹುಚ್ಚು. ರಾಣಿ ಮರಿಯ ಅಮಾಲಿಯ ಬೊಂಬೆಗಳಿಗೆ ತಾನೇ ಉಡುಪು ಹೊಲಿಯುತ್ತಿದ್ದಳೆಂದು ಹೇಳುತ್ತಾರೆ. ಅರಸನ ಹುಚ್ಚು ಶ್ರೀಮಂತರಿಗೆ ಅಂಟಿತು. ಬಡವರ ಮನೆಗೆ ಅದನ್ನು ಭಕ್ತಿಯಾಗಿ ಮುಟ್ಟಿಸಿದವರು ಡೊಮಿನಿಕನ್ ಸಭೆಯ ಗುರು ಗ್ರೆಗೋರಿಯೊ ರೊಕ್ಕೊ. ಕತ್ತಲೆಯ ಬೀದಿಗಳಲ್ಲಿ ಪವಿತ್ರ ಚಿತ್ರಗಳನ್ನಿಡಿಸಿ, ಅವುಗಳ ಮುಂದೆ ದೀಪ ಹಚ್ಚಿಸಿ, ನಗರಕ್ಕೆ ಬೀದಿದೀಪ ತಂದವರೂ ಇವರೇ. ಆ ಕಾಲದ ನೇಪಲ್ಸಿನ ಬೊಂಬೆ ನಮ್ಮ ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಎತ್ತರದ್ದು. ಒಳಗೆ ತಂತಿಯ ಹಂದರ, ಅದರ ಮೇಲೆ ಸುತ್ತಿದ ಸೆಣಬಿನ ನಾರು. ಆದುದರಿಂದ ಕೈಕಾಲನ್ನು ಬೇಕಾದ ಭಂಗಿಗೆ ಬಗ್ಗಿಸಬಹುದು. ಕೈ ಮತ್ತು ಪಾದ ಮರದವು, ತಲೆ ಸುಟ್ಟ ಮಣ್ಣಿನದು, ಕಣ್ಣು ಗಾಜಿನದು. ಸತ್ತ ಕ್ರಿಸ್ತರ ಮೇಲೆ ತೆಳುವಾದ ಮುಸುಕು ಹೊದಿಸಿದಂತೆ ೧೭೫೩ರಲ್ಲಿ ಅಮೃತಶಿಲೆಯಲ್ಲಿ ಕಡೆದು ಹೆಸರಾದ ಜುಸೆಪ್ಪೆ ಸಮ್ಮಾರ್ತಿನೊ ಎಂಬ ಮಹಾಶಿಲ್ಪಿ ಈ ಗೋದಲಿಗಳಿಗೂ ಮಣ್ಣಿನ ತಲೆಗಳನ್ನು ರೂಪಿಸಿದ್ದಾನೆ. ಅಂಥವನು ಕುರುಬನ ಮುಖವನ್ನು ಕೀಳೆಂದು ಎಣಿಸಲಿಲ್ಲ.

ಆ ಬೊಂಬೆಗಳು ನಿಂತ ನೆಲವೂ ಅಷ್ಟೇ ಮುಖ್ಯ. ಕಾರ್ಕ್ ಮರದ ತೊಗಟೆಯಿಂದ ಬಂಡೆ, ಗುಹೆ, ದಾರಿ. ಪುಣ್ಯ ಕುಟುಂಬವನ್ನು ಕೂರಿಸುತ್ತಿದ್ದುದು ಹಲವು ಸಲ ಹಟ್ಟಿಯಲ್ಲಲ್ಲ, ಪಾಳುಬಿದ್ದ ರೋಮನ್ ಮಂದಿರದಲ್ಲಿ. ಹಳೆಯ ಯುಗ ಕುಸಿದು ಹೊಸದು ಹುಟ್ಟಿತೆಂಬ ಅರ್ಥ ಅದಕ್ಕುಂಟು. ೧೭೩೮ರಲ್ಲಿ ಹೆರ್ಕುಲೇನಿಯಮ್, ೧೭೪೮ರಲ್ಲಿ ಪೊಂಪೇಯಿ ಅಗೆತ ಅದೇ ಅರಸನ ಕಾಲದಲ್ಲಿ ಆರಂಭವಾಗಿ, ಪಾಳು ಕಂಬಗಳು ಎಲ್ಲರ ಬಾಯಲ್ಲಿದ್ದುದೂ ನಿಜ. ಸುತ್ತ ನೇಪಲ್ಸಿನ ಸಂತೆ: ಮೀನು ಮಾರುವವನು, ಹೆಂಡದಂಗಡಿಯವನು, ಭಿಕ್ಷುಕ. ಹತ್ತಿರದಲ್ಲಿ ದೊಡ್ಡ ಬೊಂಬೆಗಳನ್ನೂ ದೂರದಲ್ಲಿ ಸಣ್ಣವನ್ನೂ ಇಟ್ಟು, ನಾಲ್ಕು ಮೊಳದ ಜಾಗದಲ್ಲಿ ನಾಲ್ಕು ಹರಿದಾರಿಯ ನೋಟ ಹುಟ್ಟಿಸುತ್ತಿದ್ದರು. ಇಂಥ ಸಂಗ್ರಹವೊಂದನ್ನು ಮಿಕೇಲೆ ಕುಚಿನಿಯೆಲ್ಲೊ ಎಂಬವರು ದಾನವಾಗಿ ಕೊಟ್ಟು, ೧೮೭೯ರಿಂದ ಅದು ನೇಪಲ್ಸಿನ ಸಂತ ಮಾರ್ಟಿನ್ ಮಠದ ವಸ್ತುಸಂಗ್ರಹಾಲಯದಲ್ಲಿದೆ. ನಗರದ ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯಲ್ಲಿ ಇಂದಿಗೂ ವರ್ಷವಿಡೀ ಗೋದಲಿಯ ಬೊಂಬೆಗಳನ್ನು ಮಾಡಿ ಮಾರುತ್ತಾರೆ.

ನೇಪಲ್ಸಿನ ವೈಭವಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಫ್ರಾನ್ಸ್ ದೇಶದ ದಕ್ಷಿಣದ ಪ್ರೊವಾನ್ಸ್ ಸೀಮೆಯ ಬಡ ಬೊಂಬೆ. ೧೭೮೯ರ ಮಹಾಕ್ರಾಂತಿಯ ನಂತರದ ವರ್ಷಗಳಲ್ಲಿ ಅಲ್ಲಿ ದೇವಾಲಯಗಳು ಮುಚ್ಚಿದುವು. ಗೋದಲಿ ನೋಡಲು ಹೋಗಲು ಗುಡಿಯೇ ಇಲ್ಲ; ಆದುದರಿಂದ ಅದು ಮನೆಗೆ ಬಂದಿತು. ಮಾರ್ಸೇಲ್ಸಿನ ಜಾನ್ ಲೂಯಿ ಲಾನ್ಯೆಲ್ (೧೭೬೪–೧೮೨೨) ಗಾರೆಯ ಅಚ್ಚಿನಲ್ಲಿ ಹಸಿ ಜೇಡಿಮಣ್ಣನ್ನು ಒತ್ತಿ, ಒಣಗಿಸಿ, ಬಣ್ಣ ಹಚ್ಚಿ, ಬಡವರೂ ಕೊಳ್ಳಬಹುದಾದ ಬೆಲೆಗೆ ಸಣ್ಣ ಬೊಂಬೆಗಳನ್ನು ಮಾಡಿದನು. ಅವನ್ನು ಸಾಂತೋನ್ ಎನ್ನುತ್ತಾರೆ. ಪುಟ್ಟ ಸಂತ ಎಂದು ಅರ್ಥ. ೧೮೦೩ರಿಂದ ಮಾರ್ಸೇಲ್ಸಿನಲ್ಲಿ ಅವುಗಳ ಜಾತ್ರೆ ನಡೆದುಬಂದಿದೆ. ಹಿಟ್ಟಿನ ಗಿರಣಿಯವನು, ಚೂರಿ ಸಾಣೆಯವನು, ಮೀನಿನ ಹೆಂಗಸು, ಡೋಲು ಬಾರಿಸುವವನು, ಮಗನ ಹೆಗಲು ಹಿಡಿದ ಕುರುಡ, ಇವರೆಲ್ಲ ಅಲ್ಲಿ ತಮ್ಮ ತಮ್ಮ ಕಸುಬಿನ ಉಡುಗೊರೆ ಹಿಡಿದು ಬೆತ್ಲೆಹೇಮಿಗೆ ಹೊರಟವರು. ಅವರ ನಡುವೆ ಕೊಡಲು ಏನೂ ಇಲ್ಲದೆ ಎರಡು ಕೈಗಳನ್ನೂ ಮೇಲಕ್ಕೆತ್ತಿ ಬೆರಗಾಗಿ ನಿಂತವನು ಒಬ್ಬನುಂಟು. ಊರವರ ಕಣ್ಣಿಗೆ ಅವನು ಪೆದ್ದ. ಆದರೆ ಅವನಿಲ್ಲದ ಗೋದಲಿಯನ್ನು ಪ್ರೊವಾನ್ಸಿನವರು ಗೋದಲಿಯೆಂದು ಒಪ್ಪರು.

ಇಂಥ ಬೊಂಬೆಗಳು ಶುಭಸಂದೇಶದಲ್ಲಿಲ್ಲವಲ್ಲ ಎಂಬ ಆಕ್ಷೇಪ ನಮ್ಮಲ್ಲಿಯೂ ಕೇಳಿಬಂದಿದೆ. ಎತ್ತು ಕತ್ತೆಗಳೂ ಲೂಕರ ಬರಹದಲ್ಲಿಲ್ಲ. ಅವು ಯೆಶಾಯ ಪ್ರವಾದಿಯಿಂದ ಬಂದುವು. ಜ್ಞಾನಿಗಳು ಮೂವರೆಂದು ಮತ್ತಾಯರು ಎಣಿಸಿಲ್ಲ. ಕಾಣಿಕೆ ಮೂರಾದುದರಿಂದ ರಾಯರೂ ಮೂವರಾದರು. ದಿವಂಗತ ಜಗದ್ಗುರು ಫ್ರಾನ್ಸಿಸರು ೨೦೧೯ರ ಡಿಸೆಂಬರ್ ೧ರಂದು ಗ್ರೆಚ್ಚೊದಲ್ಲಿಯೇ ಸಹಿ ಮಾಡಿದ ಪತ್ರದಲ್ಲಿ, ಕಮ್ಮಾರ, ರೊಟ್ಟಿ ಸುಡುವವನು, ನೀರಿನ ಕೊಡ ಹೊತ್ತ ಹೆಂಗಸರು ಮೊದಲಾದವರಿಗೆ ಗೋದಲಿಯಲ್ಲಿ ಜಾಗವುಂಟೆಂದು ಪ್ರೀತಿಯಿಂದಲೇ ಬರೆದಿದ್ದಾರೆ. ಆದುದರಿಂದ ನಮ್ಮ ಗೋದಲಿಯಲ್ಲಿ ಕಂಬಳಿ ಹೊದ್ದ ಕುರುಬನಿದ್ದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಈಗ ಬಣ್ಣದ ಮಾತು. ಹಳೆಯ ಬೊಂಬೆಗೆ ಕುಂಚ ಮುಟ್ಟಿಸಬಾರದು ಎಂಬುದು ನಾವು ಬೆಲೆ ತೆತ್ತು ಕಲಿತ ಪಾಠ. ಒಣ ಮೆದು ಕುಂಚದಿಂದ ಧೂಳು ಹೊಡೆದರೆ ಸಾಕು. ಗಾರೆಗೂ ಹಸಿಮಣ್ಣಿಗೂ ನೀರು ಶತ್ರು. ಬಣ್ಣ ಹಚ್ಚುವ ಆಸೆಯಿದ್ದವರು ಬಣ್ಣವಿಲ್ಲದ ಹೊಸ ಬೊಂಬೆಗಳನ್ನು ಕೊಂಡು ಆಸೆ ತೀರಿಸಿಕೊಳ್ಳಲಿ. ನಮ್ಮ ಬಳಗದ ಯುವಕರು ಹೀಗೆಯೇ ಕೈ ಪಳಗಿಸಿಕೊಂಡರು.

ಬೊಂಬೆಯನ್ನು ಬೆರಳಿನಲ್ಲಿ ಹಿಡಿಯದೆ, ಔಷಧಿ ಸೀಸೆಯ ಮುಚ್ಚಳಕ್ಕೆ ಅಂಟಿಸಿ ಸೀಸೆಯನ್ನು ಹಿಡಿಯಬೇಕು. ಮೊದಲು ತೆಳುವಾಗಿ ಒಂದು ಸಲ ಪ್ರೈಮರ್. ನಂತರ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಮೂರು ಸಲ ಹಚ್ಚಬೇಕು. ಮೊಸರಿನಂತೆ ಗಟ್ಟಿಯಾಗಿ ಒಂದೇ ಸಲ ಬಳಿದರೆ ಶಿಲ್ಪಿ ಕೆತ್ತಿದ್ದೆಲ್ಲ ಮುಳುಗಿತು. ಕುಂಚ ಸಣ್ಣದಿರಬೇಕೆಂದು ಹಲವರು ತಿಳಿಯುತ್ತಾರೆ. ಸಣ್ಣದಕ್ಕಿಂತ ಮೊನೆ ಚೂಪಾಗಿರುವುದು ಮುಖ್ಯ. ತೀರ ಸಣ್ಣ ಕುಂಚದಲ್ಲಿ ಬಣ್ಣ ಬೊಂಬೆಯನ್ನು ಮುಟ್ಟುವ ಮೊದಲೇ ಒಣಗಿಬಿಡುತ್ತದೆ.

ಮನುಷ್ಯನ ಮೇಲೆ ಬಿದ್ದ ಬೆಳಕು ಅವನ ಬಟ್ಟೆಯ ಮಡಿಕೆಯಲ್ಲಿ ತಾನೇ ನೆರಳನ್ನು ಹುಟ್ಟಿಸುತ್ತದೆ. ಗೇಣುದ್ದದ ಬೊಂಬೆಯಲ್ಲಿ ಮಡಿಕೆಯ ಆಳ ಒಂದು ಗೋಧಿಕಾಳಿನಷ್ಟೂ ಇಲ್ಲ, ನೆರಳು ಹುಟ್ಟುವುದೆಲ್ಲಿಂದ? ಆದುದರಿಂದ ಅದನ್ನು ಬಣ್ಣದಿಂದಲೇ ಬರೆಯಬೇಕಾಗುತ್ತದೆ. ತಗ್ಗಿನಲ್ಲಿ ಗಾಢ ಬಣ್ಣವನ್ನು ನೀರಾಗಿ ಹರಿಸಿ, ಉಬ್ಬಿನ ಮೇಲೆ ತಿಳಿ ಬಣ್ಣ ಸವರಬೇಕು. ನೆರಳೆಂದರೆ ಕಪ್ಪಲ್ಲ. ಮೈಬಣ್ಣದ ನೆರಳು ಕೆಂಗಂದು. ಮರಿಯಮ್ಮನವರ ನೀಲಿ ಮೇಲುಹೊದಿಕೆಯ ನೆರಳು ಇನ್ನೂ ಆಳವಾದ ನೀಲಿ. ಅಪ್ಪಟ ಕಪ್ಪು, ಅಪ್ಪಟ ಬಿಳುಪು ಎರಡೂ ಸಣ್ಣ ಬೊಂಬೆಯನ್ನು ಆಟಿಕೆಯಾಗಿಸುತ್ತವೆ. ಚಿನ್ನದ ಬಣ್ಣ ಮೂರು ರಾಯರ ಪಾತ್ರೆಗಳ ಅಂಚಿನಲ್ಲಿದ್ದರೆ ಸಾಕು.

ಕಣ್ಣಿನಲ್ಲಿ ಎಲ್ಲರೂ ಎಡವುತ್ತಾರೆ. ಬಿಳಿಯ ನಡುವೆ ದುಂಡಗೆ ಕಪ್ಪು ಇಟ್ಟರೆ ಬೊಂಬೆ ಕಳ್ಳನನ್ನು ಕಂಡಂತೆ ಬೆಚ್ಚಿ ನೋಡುತ್ತದೆ. ನಮ್ಮ ಕಣ್ಣಿನ ಪಾಪೆಯ ಮೇಲ್ಭಾಗವನ್ನು ರೆಪ್ಪೆ ಮುಚ್ಚಿರುತ್ತದೆಯಲ್ಲವೆ? ಅಂತೆಯೇ ಮೇಲ್ರೆಪ್ಪೆಗೆ ಕಂದು ಗೆರೆ ಎಳೆದು, ಪಾಪೆಯನ್ನು ಅದಕ್ಕೆ ತಾಗಿಸಬೇಕು. ಗೋದಲಿಯಲ್ಲಿ ದೃಷ್ಟಿಯೂ ಒಂದು ದಿಕ್ಕಿಗೆ ಹೋಗಬೇಕು. ಬೊಂಬೆ ನಿಲ್ಲುವ ಜಾಗವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಬಾಲಯೇಸು ಎಡಕ್ಕೋ ಬಲಕ್ಕೋ ನೋಡಿಕೊಂಡು ಪಾಪೆ ಇಡಬೇಕು. ಇಲ್ಲವಾದರೆ ಕುರುಬರೆಲ್ಲ ಶಿಶುವನ್ನು ಬಿಟ್ಟು ಕಾಣಿಕೆ ಪೆಟ್ಟಿಗೆಯನ್ನು ನೋಡುತ್ತಿರುತ್ತಾರೆ. ಒಂದು ವರ್ಷ ನಮ್ಮಲ್ಲಿ ಹಾಗೆಯೇ ಆಗಿ, ಗುರುಗಳು ಅದನ್ನು ಪ್ರಬೋಧನೆಯಲ್ಲಿಯೇ ಎತ್ತಿ ಆಡಿದರು. ಮೈಬಣ್ಣವನ್ನು ಕುರಿತು ಒಂದೇ ಮಾತು: ಬಿಸಿಲಿನ ನಾಡಿನ ಕುರುಬನಿಗೆ ಗುಲಾಬಿ ಕೆನ್ನೆ ಏಕೆ?

ನೆಲದ ವಿಷಯಕ್ಕೆ ಬಂದರೆ, ಬೆತ್ಲೆಹೇಮ್ ಸುಣ್ಣಕಲ್ಲಿನ ಗುಡ್ಡದ ಮೇಲಿನ ಊರು. ಯೇಸುಸ್ವಾಮಿ ಗುಹೆಯಲ್ಲಿ ಹುಟ್ಟಿದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರೇ ಬರೆದಿದ್ದಾರೆ. ಆ ಗುಹೆಯ ಮೇಲೆಯೇ ನಾಲ್ಕನೆಯ ಶತಮಾನದಲ್ಲಿ ದೇವಾಲಯ ಎದ್ದಿತು. ನಾವು ಹರಡುವ ಹತ್ತಿಯ ಹಿಮ ಯೂರೋಪಿನ ಚಿತ್ರಪಟಗಳಿಂದ ಬಂದದ್ದು. ಬಿಡಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಹತ್ತಿಯ ಎಳೆ ಬೊಂಬೆಯ ಬೆರಳಿಗಿಂತ ದಪ್ಪವಾಗಿ ಕಾಣುತ್ತದೆ. ರಾಗಿಯ ಮೊಳಕೆಯೂ ಹಾಗೆಯೇ. ಮನೆಮನೆಯಲ್ಲಿ ತಟ್ಟೆಗಳಲ್ಲಿ ಬಿತ್ತಿ ಬೆಳೆಸಿದ ಆ ಹಸುರು ನೋಡಲು ಮುದ್ದು. ಹಬ್ಬದ ಹೊತ್ತಿಗೆ ಕುರುಬನ ಎದೆಮಟ್ಟ ಬೆಳೆದು ಅವನನ್ನು ಕಬ್ಬಿನ ಗದ್ದೆಯಲ್ಲಿ ನಿಲ್ಲಿಸುತ್ತದೆ. ಅದನ್ನು ಹಿಂದಕ್ಕೆ ಸರಿಸಿ, ಬೊಂಬೆಗಳ ಕಾಲಬಳಿ ಜರಡಿ ಹಿಡಿದ ಮಣ್ಣು, ಮರದ ಹೊಟ್ಟು, ತೊಗಟೆಯ ಚೂರುಗಳನ್ನು ಬಿಳಿಯ ಮರಗೋಂದಿನಿಂದ ತಳಹಲಗೆಗೆ ಅಂಟಿಸಿದರೆ ಅಳತೆ ಕೂಡುತ್ತದೆ. ಹೊಸ ಬೊಂಬೆಯ ಪಾದಕ್ಕೂ ಉಡುಪಿನ ಅಂಚಿಗೂ ಅದೇ ಮಣ್ಣಿನ ಬಣ್ಣವನ್ನು ಒಣ ಕುಂಚದಿಂದ ತುಸು ಸವರಬೇಕು. ಆಗ ಅವನು ನೆಲದ ಮೇಲೆ ಇಟ್ಟವನಾಗಿರುವುದಿಲ್ಲ, ದಾರಿ ನಡೆದು ಬಂದವನಾಗುತ್ತಾನೆ.

ಕೊನೆಯದಾಗಿ ಛಾಯಾಚಿತ್ರ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ; ಕಿಸೆಯ ಮೊಬೈಲ್ ಸಾಕು. ನಾವು ನಿಂತು ಮೇಲಿನಿಂದ ತೆಗೆಯುತ್ತೇವೆ. ಆದುದರಿಂದ ನೆತ್ತಿ, ಮೂಗು ಮಾತ್ರ ಬರುತ್ತವೆ. ಮೊಬೈಲನ್ನು ತಲೆಕೆಳಗಾಗಿ ಹಿಡಿದು ಮೇಜಿನ ಮೇಲೆ ಊರಿದರೆ ಮಸೂರ ಬೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲಿ ಬೊಂಬೆ ಮನುಷ್ಯನಾಗುವುದನ್ನು ನೀವೇ ಮಾಡಿ ನೋಡಬೇಕು. ಫ್ಲ್ಯಾಷ್ ಬೇಡ, ಸೀರಿಯಲ್ ದೀಪವೂ ಬೇಡ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿಟ್ಟು, ಎದುರು ಬದಿಗೆ ಒಂದು ಬಿಳಿ ರಟ್ಟು ನಿಲ್ಲಿಸಿದರೆ ಅರೆ ಮುಖದ ಕತ್ತಲೆ ತಿಳಿಯಾಗುತ್ತದೆ. ತೀರ ಹತ್ತಿರ ಹೋದರೆ ಮೂಗು ಸ್ಪಷ್ಟ, ಕಿವಿ ಮಸುಕು. ಎರಡು ಗೇಣು ಹಿಂದೆ ಸರಿದು ತೆಗೆದು, ಆಮೇಲೆ ಅಂಚು ಕತ್ತರಿಸಿಕೊಳ್ಳುವುದು ಮೇಲು. ದೊಡ್ಡ ಕ್ಯಾಮೆರಾ ಉಳ್ಳವರು ರಂಧ್ರವನ್ನು ಎಫ್ ೧೧ ಅಥವಾ ೧೬ಕ್ಕೆ ಕಿರಿದುಮಾಡಿ ಸ್ಟ್ಯಾಂಡಿನ ಮೇಲಿಡಲಿ. ಕೈ ಅಲುಗದಂತೆ ಟೈಮರ್ ಒತ್ತಲಿ. ಹಿಂದೆ ಒಂದು ಮೊಳ ದೂರದಲ್ಲಿ ಬೂದುನೀಲಿ ಕಾಗದ ಇಳಿಬಿಟ್ಟರೆ ಅದೇ ಬೆತ್ಲೆಹೇಮಿನ ಆಕಾಶ. ಬಣ್ಣಕ್ಕೆ ಹೊಳಪಿನ ವಾರ್ನಿಷ್ ಬೇಡವೆನ್ನುವುದು ಇದಕ್ಕಾಗಿಯೇ. ಹೊಳಪು ಚಿತ್ರದಲ್ಲಿ ಬಿಳಿಯ ಕಲೆಯಾಗಿ ಬೀಳುತ್ತದೆ.

ಅಂದದ ಚಿತ್ರ ಒಂದು ಬಗೆ. ದಾಖಲೆಯ ಚಿತ್ರ ಇನ್ನೊಂದು. ದಾಖಲೆಗೆ ನಾಲ್ಕು ಬದಿ ಮತ್ತು ತಳ, ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣದ ಹೋಲಿಕೆಗೆ ಒಂದು ತುಂಡು ಬಿಳಿ ಕಾಗದ, ಒಡೆದ ಬೆರಳಿದ್ದರೆ ಅದರ ಹತ್ತಿರದ ನೋಟ. ಮೊಬೈಲಿನಲ್ಲಿಯೇ ಉಳಿದರೆ ಅದು ಮೊಬೈಲಿನೊಡನೆಯೇ ಹೋಗುತ್ತದೆ. ಒಂದು ಪ್ರತಿ ಕಾಗದದ ಮೇಲೆ ಅಚ್ಚಾಗಿ, ದೀಕ್ಷಾಸ್ನಾನದ ಪುಸ್ತಕಗಳಿರುವ ಕಪಾಟಿನಲ್ಲಿಯೇ ಇರಲೆಂದು ಗುರುಗಳನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ.

ಆಗಮನ ಕಾಲದ ಮೊದಲ ಭಾನುವಾರದ ಹಿಂದಿನ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಇದೇ ಸಭಾಂಗಣದಲ್ಲಿ, ಬಡಗಣ ಕಿಟಕಿಯ ಬಳಿ, ಪೆಟ್ಟಿಗೆ ಬಿಚ್ಚಿ ಬೊಂಬೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತೇವೆ. ಬರುವವರೆಲ್ಲ ಬನ್ನಿ, ಮಕ್ಕಳನ್ನೂ ಕರೆತನ್ನಿ, ಅವರ ಕಣ್ಣಿನ ಮಟ್ಟ ಮೇಜಿಗೆ ಹತ್ತಿರ. ಮುದಿ ಕುರುಬನನ್ನು ಈ ವರ್ಷ ಯಾರೂ ಉಜ್ಜುವುದಿಲ್ಲ, ಬಳಿಯುವುದೂ ಇಲ್ಲ. ಬಲ್ಲವರೊಬ್ಬರು ಸಿಗುವವರೆಗೆ ಅವನು ಹಾಗೆಯೇ ನಿಲ್ಲಲಿ.

ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಮದುವೆಯ, ದೀಕ್ಷಾಸ್ನಾನದ, ಹೊಸ ವರ್ಷದ ಚಿತ್ರಗಳಿದ್ದರೆ, ಗೋದಲಿಯ ಮುಂದೆ ತೆಗೆಸಿಕೊಂಡವು ಯಾವುವಾದರೂ ಸರಿ, ಆ ದಿನ ತನ್ನಿ. ಪ್ರತಿ ತೆಗೆದುಕೊಂಡು ಅಲ್ಲಿಯೇ ಹಿಂದಿರುಗಿಸುತ್ತೇವೆ. ಚಿತ್ರದಲ್ಲಿ ನಿಮ್ಮವರ ಮುಖ ಮಸುಕಾಗಿದ್ದರೂ ಚಿಂತೆಯಿಲ್ಲ. ನಾವು ಹುಡುಕುತ್ತಿರುವುದು ಅವರ ಹಿಂದೆ, ಹುಬ್ಬಿನ ಮೇಲೆ ಕೈಯಿಟ್ಟು ನಿಂತಿರುವವನನ್ನು.